ಗೆಳೆಯರೊಬ್ಬರು ಚರ್ಚ್ ಬಗ್ಗೆ ಕೇಳ್ತಿದ್ದಾರೆ, ಜೊತೆಗಿರೋದು ಹೇಗೆ?

ಇವತ್ತಿನ ವಿಷಯ ಸ್ವಲ್ಪ ನಾಜೂಕಿನದು. ಕಣಕಟ್ಟೆಯಲ್ಲೋ ಅರಸೀಕೆರೆಯಲ್ಲೋ ನಿಮ್ಮ ಜೊತೆ ಓದಿದವರೊಬ್ಬರು "ನಂಗೆ ಕ್ಯಾಥೊಲಿಕ್ ಧರ್ಮದ ಬಗ್ಗೆ ತಿಳ್ಕೋಬೇಕು" ಅಂದ್ರು ಅಂತಿಟ್ಕೊಳ್ಳಿ. ಮನೆಯವರ ಭಯ ಒಂದು ಕಡೆ, ಊರಿನ ಮಾತು ಇನ್ನೊಂದು ಕಡೆ. ಜೊತೆಗಿರೋರು ಏನು ಮಾಡಬೇಕು?

ನಮ್ಮ ಜಿಲ್ಲೆಗೆ ಈ ಧರ್ಮ ಹೊಸದೇನಲ್ಲ. ಶೆಟ್ಟಿಹಳ್ಳಿಯ ಮುಳುಗೋ ಚರ್ಚನ್ನ ರೀಲ್ಸ್‌ನಲ್ಲಿ ನೋಡೇ ಇರ್ತೀರಿ. ಅದು 1860ರ ದಶಕದ್ದು. ಹೇಮಾವತಿ ಅಣೆಕಟ್ಟು ಬಂದ ಮೇಲೆ ಹಿನ್ನೀರಿಗೆ ಸಿಕ್ಕಿತು. ಹಾಸನ ಜಿಲ್ಲೆಯ ಚರ್ಚುಗಳು 1963ರಲ್ಲಿ ಶುರುವಾದ ಚಿಕ್ಕಮಗಳೂರು ಧರ್ಮಕ್ಷೇತ್ರಕ್ಕೆ ಸೇರುತ್ತವೆ.

ಈಗ ಪ್ರಕ್ರಿಯೆಗೆ ಬರೋಣ. ಇವತ್ತು ಕೇಳಿ ನಾಳೆ ಸೇರೋದು ಇಲ್ಲಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1972ರಲ್ಲಿ, ವಯಸ್ಕರಿಗೆ ಅಂತಲೇ ಹಂತ ಹಂತದ ಕ್ರಮ ಬಂತು. ಮೊದಲನೇದು ವಿಚಾರಣೆಯ ಕಾಲ: ಪ್ರಶ್ನೆ ಕೇಳೋದು, ಅಷ್ಟೇ. ಯಾವ ಬದ್ಧತೆಯೂ ಇಲ್ಲ. ಎರಡನೇದು ಕಲಿಕೆ, ಇದಕ್ಕೆ ತಿಂಗಳುಗಳೇ ಹಿಡಿಯುತ್ತೆ, ವರ್ಷ ದಾಟಿದರೂ ಆಶ್ಚರ್ಯವಿಲ್ಲ. ಮೂರನೇದು ಸಾಮಾನ್ಯವಾಗಿ ತಪಸ್ಸುಕಾಲದ ಸಿದ್ಧತೆ. ಈಸ್ಟರ್ ಹಿಂದಿನ ರಾತ್ರಿ ದೀಕ್ಷಾಸ್ನಾನ, ದೃಢೀಕರಣ, ಪರಮಪ್ರಸಾದ ಒಟ್ಟಿಗೇ ಆಗುತ್ತವೆ. ಆಮೇಲೆ ನಾಲ್ಕನೇ ಹಂತ, ಪಡೆದದ್ದನ್ನ ಬದುಕಿಗೆ ಇಳಿಸಿಕೊಳ್ಳೋದು. ಮಧ್ಯದಲ್ಲಿ ಯಾವಾಗ ಬೇಕಾದ್ರೂ "ಸಾಕು" ಅನ್ನಬಹುದು.

ಇಲ್ಲಿ ಗಾಡ್‌ಫಾದರ್ ಅಥವಾ ಗಾಡ್‌ಮದರ್ ಪಾತ್ರ ದೊಡ್ಡದು. ಚರ್ಚಿನ ನಿಯಮದ ಪ್ರಕಾರ ಅವರಿಗೆ ಸಾಮಾನ್ಯವಾಗಿ 16 ವರ್ಷ ತುಂಬಿರಬೇಕು, ದೃಢೀಕರಣ ಆಗಿರಬೇಕು. ಆದರೆ ಒಳ್ಳೆ ಜೊತೆಗಾರ ಅಂದ್ರೆ ಪಾಠ ಒಪ್ಪಿಸೋನಲ್ಲ, ಮೊದಲು ಕೇಳಿಸಿಕೊಳ್ಳೋನು. ಬಲಿಪೂಜೆಗೆ ಬಂದರೆ ಪಕ್ಕದಲ್ಲಿ ಕೂತು ಯಾವಾಗ ಏಳಬೇಕು, ಯಾವಾಗ ಕೂರಬೇಕು ಅಂತ ಮೆಲ್ಲಗೆ ಹೇಳಿ. ಪರಮಪ್ರಸಾದ ಈಗಲೇ ತಗೊಳ್ಳೋ ಹಾಗಿಲ್ಲ ಅಂತ ಮುಂಚೆನೇ ತಿಳಿಸಿ, ಅಲ್ಲಿ ಮುಜುಗರ ಆಗಬಾರದು. ಉತ್ತರ ಗೊತ್ತಿಲ್ಲದಿದ್ರೆ ಫಾದರ್ ಹತ್ರ ಕರ್ಕೊಂಡು ಹೋಗಿ. ಮನೆಯವರಿಗೆ ಸುಳ್ಳು ಹೇಳೋಕೆ ಮಾತ್ರ ಯಾವತ್ತೂ ಹೇಳಿಕೊಡಬೇಡಿ.

ಒಂದು ಗೆರೆ ದಾಟಲೇಬಾರದು. ಕೆಲಸ, ದುಡ್ಡು, ಮದುವೆ, ಇವುಗಳ ಆಸೆ ತೋರಿಸೋದು ತಪ್ಪು. ಬಲವಂತದಿಂದ ಯಾರನ್ನೂ ಸೇರಿಸಬಾರದು ಅಂತ ಚರ್ಚಿನ ಕಾನೂನೇ ಹೇಳುತ್ತೆ.

ಇನ್ನು ಸರ್ಕಾರಿ ಕಾನೂನು. ಸಂವಿಧಾನದ 25ನೇ ವಿಧಿ ಧರ್ಮದ ಸ್ವಾತಂತ್ರ್ಯ ಕೊಡುತ್ತೆ. ಆದರೆ ಇನ್ನೊಬ್ಬರನ್ನ ಮತಾಂತರಿಸೋ ಹಕ್ಕು ಅದರಲ್ಲಿಲ್ಲ ಅಂತ 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2022ರ ಕರ್ನಾಟಕ ಕಾಯ್ದೆ, ಮತಾಂತರಕ್ಕೆ 30 ದಿನ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು ಅಂದಿತು. ಅದನ್ನ ರದ್ದು ಮಾಡೋಕೆ 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಹಾಗಾಗಿ ದೀಕ್ಷಾಸ್ನಾನದ ದಿನ ಗೊತ್ತು ಮಾಡೋ ಮೊದಲು, ಆ ಹೊತ್ತಿನ ನಿಯಮ ಏನು ಅಂತ ವಕೀಲರ ಹತ್ರ ಕೇಳ್ಕೊಳ್ಳಿ.

ಬಿಕಾಂ ಓದಿದವನಾಗಿ ಒಂದು ಲೆಕ್ಕದ ಮಾತು. 1950ರ ಆದೇಶ ಮತ್ತು ಅದರ ತಿದ್ದುಪಡಿಗಳ ಪ್ರಕಾರ ಪರಿಶಿಷ್ಟ ಜಾತಿ ಸ್ಥಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಕ್ರೈಸ್ತರಾದರೆ ಆ ಮೀಸಲಾತಿ ಕೈತಪ್ಪುತ್ತೆ. ಸ್ಕಾಲರ್‌ಶಿಪ್, ಕೆಲಸ ಎಲ್ಲಕ್ಕೂ ತಟ್ಟೋ ವಿಷಯ ಇದು. ಇದನ್ನ ಮೊದಲೇ ಹೇಳೋನೇ ನಿಜವಾದ ಗೆಳೆಯ.

ಕೊನೆಗೆ ಅವರು ಚರ್ಚಿಗೆ ಸೇರಲಿ, ಸೇರದೇ ಇರಲಿ, ನಿಮ್ಮ ಸ್ನೇಹ ಅದಕ್ಕೆ ಅಂಟಿಕೊಂಡಿರಬಾರದು. ಮುಂದಿನ ಸಂಚಿಕೆಯಲ್ಲಿ ಸಿಗೋಣ.