ಕೂಗಿ ಕರೆಯುವ ಅಕ್ಷರಗಳು

ಅಚ್ಚಾದ ಪುಟವನ್ನು ಎಲ್ಲರೂ ಓದುತ್ತಾರೆ. ಅದರ ಅಕ್ಷರಗಳನ್ನು ನೋಡುವವರು ವಿರಳ. ತಾನು ಮರೆಯಾಗಿದ್ದು ಅರ್ಥವನ್ನು ಮಾತ್ರ ತಲುಪಿಸುವುದೇ ಗ್ರಂಥದ ಅಕ್ಷರಕ್ಕೆ ಶೋಭೆ. ಆದರೆ ಓದಿಸಿಕೊಳ್ಳುವುದಕ್ಕೆ ಮೊದಲು ನೋಡಿಸಿಕೊಳ್ಳಬೇಕೆಂದೇ ಹುಟ್ಟಿದ ಅಕ್ಷರಗಳೂ ಉಂಟು. ಇಂಗ್ಲಿಷ್ ಮುದ್ರಣದಲ್ಲಿ ‘ಫ್ಯಾಟ್ ಫೇಸ್’ ಎಂದು ಹೆಸರಾದ ಸ್ಥೂಲಾಕ್ಷರಗಳು ಈ ಜಾತಿಯವು. ಇಂದಿನ ಮಾತು ಅವುಗಳನ್ನು ಕುರಿತದ್ದು.

ರೋಮನ್ ಲಿಪಿಯ ‘ಎಚ್’ ಅಕ್ಷರವನ್ನು ಮನಸ್ಸಿಗೆ ತಂದುಕೊಳ್ಳಿರಿ. ಎರಡು ಕಂಬಗಳು, ನಡುವೆ ಒಂದು ಅಡ್ಡಗೆರೆ, ಕಂಬಗಳ ತುದಿಯಲ್ಲಿಯೂ ಬುಡದಲ್ಲಿಯೂ ‘ಸೆರಿಫ್’ ಎಂಬ ಚಿಕ್ಕ ಅಡ್ಡಪಟ್ಟಿಗಳು. ಹಳೆಯ ಅಚ್ಚುಮೊಳೆಗಳಲ್ಲಿ ಕಂಬಕ್ಕೂ ಗೆರೆಗೂ ದಪ್ಪದಲ್ಲಿ ಅಂತರವು ಮಿತವಾಗಿತ್ತು. 18ನೆಯ ಶತಮಾನದಲ್ಲಿ ಬರ್ಮಿಂಗ್‌ಹ್ಯಾಮಿನ ಜಾನ್ ಬ್ಯಾಸ್ಕರ್‌ವಿಲ್ ಎಂಬಾತನು ನುಣುಪಾದ ಕಾಗದವನ್ನೂ ಕಡುಗಪ್ಪಾದ ಮಸಿಯನ್ನೂ ಬಳಸಿ ಸೂಕ್ಷ್ಮರೇಖೆಗಳು ಸ್ಫುಟವಾಗಿ ಮೂಡುವಂತೆ ಮಾಡಿದನು. ಇಟಲಿಯ ಪಾರ್ಮಾ ನಗರದಲ್ಲಿದ್ದ ಬೊಡೋನಿಯೂ (1740–1813) ಪ್ಯಾರಿಸ್ಸಿನ ದಿದೋ ಮನೆತನದವರೂ ಆ ಅಂತರವನ್ನು ಪರಮಾವಧಿಗೆ ಒಯ್ದರು: ಕಂಬವು ಗಟ್ಟಿ, ಅಡ್ಡಗೆರೆ ಕೂದಲೆಳೆ. ಅಗಲವಾದ ಅಂಚುಳ್ಳ ಬೆಲೆಬಾಳುವ ಗ್ರಂಥಗಳಿಗೆ ಇವು ಒಪ್ಪಿದವು.

19ನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಎರಕದವರು ಈ ಅಕ್ಷರವನ್ನು ಬೀದಿಗೆ ತಂದರು. ಅವರಲ್ಲಿ ರಾಬರ್ಟ್ ಥಾರ್ನ್ ಎಂಬಾತನ ಹೆಸರು ಮುಖ್ಯವಾದುದು. ಅವರ ಉಪಾಯವು ಸರಳ: ಕೂದಲೆಳೆಯನ್ನು ಹಾಗೆಯೇ ಬಿಟ್ಟು ಕಂಬವನ್ನು ಮಾತ್ರ ಉಬ್ಬಿಸಿದರು. ಅಕ್ಷರದೊಳಗಿನ ಬಿಳಿಯ ಬಯಲು ಕಿರಿದಾಗಿ ಸೀಳಿನಂತಾಯಿತು. ದೂರದಿಂದ ಬರುವವನ ಕಣ್ಣಿಗೆ ಮೊದಲು ಬೀಳುವುದು ಕಪ್ಪು ಕಂಬಗಳ ಸಾಲು. ಹತ್ತಿರ ಬಂದ ಮೇಲೆ ಎಳೆಗಳು ಕಾಣಿಸಿ ಅಕ್ಷರವು ಪೂರ್ಣವಾಗುತ್ತದೆ.

ಈ ಕೂಗು ಯಾರಿಗೆ ಬೇಕಾಗಿತ್ತು? ಸರಕು ಮಾರುವವರಿಗೆ, ನಾಟಕದವರಿಗೆ, ಲಾಟರಿ ಚೀಟಿಯ ವರ್ತಕರಿಗೆ. ಇಂಗ್ಲೆಂಡಿನ ಸರ್ಕಾರಿ ಲಾಟರಿಯು 1826ರಲ್ಲಿ ನಿಂತುಹೋಯಿತು. ಅದರ ಕೊನೆಯ ವರ್ಷಗಳ ಭಿತ್ತಿಪತ್ರಗಳಲ್ಲಿ ಸ್ಥೂಲಾಕ್ಷರಗಳು ಮೆರೆದವು. ಸೀಸದಲ್ಲಿ ಎರೆದ ದೊಡ್ಡ ಮೊಳೆಗಳು ಬಹು ಭಾರ, ಬೆಲೆಯೂ ಹೆಚ್ಚು. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದ ಮೊಳೆಗಳನ್ನು ಯಂತ್ರದಿಂದ ಹೇರಳವಾಗಿ ಕೊರೆಯುವ ಮಾರ್ಗವನ್ನು ಕಂಡುಹಿಡಿದ ಮೇಲೆ ಗೋಡೆಯ ಅಕ್ಷರಗಳು ಇನ್ನೂ ಬೆಳೆದವು. ನೂರು ವರ್ಷಗಳ ತರುವಾಯ, 1928ರಲ್ಲಿ, ಅಮೆರಿಕದ ಮಾರಿಸ್ ಬೆಂಟನ್ ರಚಿಸಿದ ‘ಅಲ್ಟ್ರಾ ಬೊಡೋನಿ’ ಇದೇ ವಂಶದ ಕುಡಿ.

ಇದರ ಗುಣವೇ ಇದರ ದೋಷವೂ ಹೌದು. ಇದನ್ನು ಸಣ್ಣ ಅಳತೆಯಲ್ಲಿ ಅಚ್ಚಿಗೆ ಕೊಟ್ಟರೆ ಎಳೆಗಳು ಮುರಿಯುತ್ತವೆ, ಸೀಳುಗಳಲ್ಲಿ ಮಸಿ ತುಂಬುತ್ತದೆ, ಪುಟವೆಲ್ಲ ಕಪ್ಪು ಪಟ್ಟೆಯಾಗುತ್ತದೆ. ಗಣಕಯಂತ್ರದ ಈ ಕಾಲದಲ್ಲಿಯೂ ವಿವೇಕಿಗಳಾದ ವಿನ್ಯಾಸಕಾರರು ಶೀರ್ಷಿಕೆಗೊಂದು, ಓದುವ ಪಾಠಕ್ಕೊಂದು ಎಂದು ಬೇರೆ ಬೇರೆ ರೂಪಗಳನ್ನು ಬರೆಯುವುದುಂಟು.

ನಮ್ಮ ವಿದ್ಯಾರ್ಥಿಗಳು ಒಮ್ಮೆ ಸಭೆಯ ಇಂಗ್ಲಿಷ್ ಪ್ರಕಟಣೆಯೊಂದನ್ನು ಆದ್ಯಂತವಾಗಿ ಸ್ಥೂಲಾಕ್ಷರದಲ್ಲಿಯೇ ಅಚ್ಚುಮಾಡಿಸಿ ತಂದರು. ಸಭೆ ಎಂದು, ಎಲ್ಲಿ ಎಂಬುದನ್ನು ಹುಡುಕಬೇಕಾಯಿತು. ಸಂತೆಯಲ್ಲಿ ಎಲ್ಲರೂ ಕೂಗಿದರೆ ಯಾರ ಮಾತೂ ಕೇಳಿಸದು. ಮುಖ್ಯವಾದ ಎರಡು ಮಾತಿಗೆ ಮಾತ್ರ ಈ ಅಕ್ಷರವನ್ನು ಕೊಟ್ಟು, ಸುತ್ತಲೂ ಬಿಳಿಯ ಜಾಗವನ್ನು ಬಿಟ್ಟರೆ ಅದು ತನ್ನ ಕೆಲಸವನ್ನು ತಾನೇ ಮಾಡುವುದು.

ಓದುವವರೂ ಒಂದು ಎಚ್ಚರಿಕೆಯನ್ನು ವಹಿಸಬೇಕು. ಲಾಭವನ್ನು ದಪ್ಪಕ್ಷರದಲ್ಲಿಯೂ ಷರತ್ತನ್ನು ಸಣ್ಣಕ್ಷರದಲ್ಲಿಯೂ ಅಚ್ಚುಮಾಡುವ ಜಾಣತನವು ಇಂದಿಗೂ ಹೋಗಿಲ್ಲ. ಆದುದರಿಂದ ಅಕ್ಷರವು ಕೂಗಿ ಕರೆದಾಗ ಅತ್ತ ನೋಡೋಣ; ಹಣದ ಚೀಲವನ್ನು ಬಿಚ್ಚುವುದಕ್ಕೆ ಮೊದಲು ಅದರ ಕೆಳಗಿನ ಸಣ್ಣ ಸಾಲನ್ನೂ ಓದೋಣ.