ಕೌದಿ ಹೊಲಿಗೆಗೆ ಹೊಸ ಹೊಲಿಗೆ ಯಂತ್ರದ ಆಯ್ಕೆ: ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಹಳೆಯ ಸೀರೆ, ಧೋತರ ಹಾಗೂ ತುಂಡು ಬಟ್ಟೆಗಳನ್ನು ಪದರ ಪದರವಾಗಿ ಹಾಸಿ ಹೊಲಿಯುವ ಕೌದಿಯು ಉತ್ತರ ಕರ್ನಾಟಕದ ಮನೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಹಾಸು-ಹೊದಿಕೆಯಾಗಿದೆ. ಕೌದಿ ಹೊಲಿಗೆಯು ಅನೇಕ ಮಹಿಳೆಯರಿಗೆ ಹಾಗೂ ಸ್ವಸಹಾಯ ಗುಂಪುಗಳಿಗೆ ಆದಾಯದ ಮೂಲವೂ ಆಗಿರುತ್ತದೆ. ಇದಕ್ಕಾಗಿ ಸಹಾಯಧನ ಅಥವಾ ಸಾಲದ ನೆರವಿನಿಂದ ಹೊಸ ಯಂತ್ರ ಪಡೆಯಲು ಇಚ್ಛಿಸುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಉಪಕರಣದ ನೆರವು ಸಾಮಾನ್ಯವಾಗಿ ಒಮ್ಮೆ ಮಾತ್ರ ದೊರೆಯುತ್ತದೆ. ರವಿಕೆ ಹೊಲಿಯಲು ಯೋಗ್ಯವಾಗಿದ್ದರೂ ಕೌದಿಯ ದಪ್ಪವನ್ನು ತಾಳದ ಯಂತ್ರವನ್ನು ಆಯ್ಕೆ ಮಾಡಿದಲ್ಲಿ, ಅದರ ನಷ್ಟವನ್ನು ಅರ್ಜಿದಾರರೇ ಭರಿಸಬೇಕಾಗುತ್ತದೆ. ಆದ್ದರಿಂದ ಬೆಲೆ ವಿಚಾರಿಸುವ ಮೊದಲು ಕೆಲಸದ ಸ್ವರೂಪವನ್ನು ನಿರ್ಧರಿಸಿಕೊಳ್ಳುವುದು ಅವಶ್ಯಕ.

1. ಮೊದಲು ನಿರ್ಧರಿಸಬೇಕಾದ ಅಂಶ

ಕೌದಿ ತಯಾರಿಕೆಯಲ್ಲಿ ಮುಖ್ಯವಾಗಿ ಮೂರು ಹಂತಗಳಿವೆ:
(ಅ) ತುಂಡುಗಳನ್ನು ಜೋಡಿಸಿ ಮೇಲುಹಾಸು ಸಿದ್ಧಪಡಿಸುವುದು;
(ಆ) ಪದರಗಳನ್ನು ಒಂದರ ಮೇಲೊಂದು ಹಾಸಿ ಉದ್ದಗಲಕ್ಕೂ ಹೊಲಿಯುವುದು;
(ಇ) ಅಂಚು ಕಟ್ಟುವುದು.

ಎರಡನೆಯ ಹಂತವನ್ನು ಕೈಯಿಂದಲೇ ಮಾಡುವವರಿಗೆ ನೇರ ಹೊಲಿಗೆಯ ಸಾಧಾರಣ ಯಂತ್ರವೇ ಸಾಕು. ಹೆಚ್ಚಿನ ಬೆಲೆಯ ಯಂತ್ರದ ಅವಶ್ಯಕತೆ ಇರುವುದಿಲ್ಲ. ಕೈಹೊಲಿಗೆಯ ಸಾಲುಗಳೇ ಕೌದಿಯ ಅಂದವಾಗಿದ್ದು, ಕರಕುಶಲ ವಸ್ತುವೆಂದು ಮಾರುವವರು ಅದನ್ನು ಬಿಡದಿರುವುದು ಸೂಕ್ತ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ ಹಾಗೂ ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಅಂಚಿನಿಂದ ನಡುವಿನವರೆಗೆ ಸುತ್ತುತ್ತಾ ಹೊಲಿಯುವ ಕೌದಿಗಳು ಕೈಹೊಲಿಗೆಗೇ ಹೆಸರಾಗಿವೆ.

ಮೂರೂ ಹಂತಗಳನ್ನು ಯಂತ್ರದಿಂದಲೇ ಮಾಡುವವರು ಮುಂದಿನ ಅಂಶಗಳನ್ನು ವಿಶೇಷವಾಗಿ ಗಮನಿಸತಕ್ಕದ್ದು.

2. ಯಂತ್ರದ ವಿಧಗಳು

ಕಾಲಿನಿಂದ ತುಳಿಯುವ ಯಂತ್ರ: ವಿದ್ಯುತ್ ಬೇಕಿಲ್ಲ. ವೇಗವು ತುಳಿಯುವವರ ಹತೋಟಿಯಲ್ಲಿರುವುದರಿಂದ ದಪ್ಪ ಜಾಗದಲ್ಲಿ ನಿಧಾನವಾಗಿ ಹೊಲಿಯಬಹುದು. ದುರಸ್ತಿ ಸುಲಭ. ವಿದ್ಯುತ್ ಕಡಿತವಿರುವ ಗ್ರಾಮಗಳಿಗೆ ಸೂಕ್ತ.

ಮನೆಬಳಕೆಯ ವಿದ್ಯುತ್ ಯಂತ್ರ: ಹಗುರ. ಹಲವು ಬಗೆಯ ಅಲಂಕಾರಿಕ ಹೊಲಿಗೆಗಳು ಇದರಲ್ಲಿರುತ್ತವೆ. ಆದರೆ ಕೌದಿಗೆ ಬೇಕಾದುದು ನೇರ ಹೊಲಿಗೆ. ಹೆಚ್ಚೆಂದರೆ ಅಂಚಿಗೆ ಜಿಗ್‌ಜಾಗ್. ಹೊಲಿಗೆಗಳ ಸಂಖ್ಯೆಯನ್ನು ನೋಡಿ ಹಣ ತೆರುವುದು ಉಚಿತವಲ್ಲ.

ಕೈಗಾರಿಕಾ ಯಂತ್ರ: ಗುಂಪಿನಲ್ಲಿ ದಿನವಿಡೀ ಹೊಲಿಯುವವರಿಗೆ ಯೋಗ್ಯ. ಪದರಗಳು ಹೆಚ್ಚಿದ್ದಲ್ಲಿ ದಪ್ಪ ಬಟ್ಟೆಗೆಂದೇ ತಯಾರಾದ ಮಾದರಿಯನ್ನು ಕೇಳಬೇಕು. ಕ್ಲಚ್ ಮೋಟಾರು ಸ್ವಿಚ್ ಹಾಕಿದಷ್ಟು ಹೊತ್ತೂ ತಿರುಗುತ್ತಿರುತ್ತದೆ. ಸರ್ವೋ ಮೋಟಾರು ಪೆಡಲ್ ಒತ್ತಿದಾಗ ಮಾತ್ರ ತಿರುಗುವುದರಿಂದ ವಿದ್ಯುತ್ ಉಳಿತಾಯವಾಗುತ್ತದೆ ಹಾಗೂ ವೇಗವನ್ನು ತಗ್ಗಿಸಿಕೊಳ್ಳಬಹುದು.

3. ಪರಿಶೀಲಿಸಬೇಕಾದ ಭಾಗಗಳು

ತೋಳಿನ ಒಳಜಾಗ: ಸೂಜಿಯಿಂದ ಯಂತ್ರದ ಕಂಬದವರೆಗಿನ ಅಂತರವೇ ಕೌದಿಗೆ ಅತಿ ಮುಖ್ಯ. 60 ಅಂಗುಲ ಅಗಲದ ಕೌದಿಯ ನಟ್ಟನಡುವೆ ಸಾಲು ಹಾಕುವಾಗ 30 ಅಂಗುಲದಷ್ಟು ದಪ್ಪ ಬಟ್ಟೆಯು ಸುರುಳಿಯಾಗಿ ಈ ಜಾಗದಲ್ಲಿಯೇ ಹಿಡಿಯಬೇಕಾಗುತ್ತದೆ. ಜಾಗ ಕಿರಿದಾದಲ್ಲಿ ಬಟ್ಟೆ ಸಿಕ್ಕಿಕೊಂಡು ಸಾಲು ಸೊಟ್ಟಗಾಗುತ್ತದೆ. ಅಂಗಡಿಯಲ್ಲಿ ಅಳತೆ ಪಟ್ಟಿಯಿಂದ ಅಳೆದು ನೋಡಿರಿ.

ಪ್ರೆಸ್ಸರ್ ಫೂಟ್: ಇದು ಎಷ್ಟು ಮೇಲೇಳುತ್ತದೆ, ಇದರ ಒತ್ತಡವನ್ನು ಸಡಿಲಿಸಲು ಬರುತ್ತದೆಯೇ ಎಂಬುದನ್ನು ನೋಡಬೇಕು. ಒತ್ತಡ ಹೆಚ್ಚಾದಲ್ಲಿ ಮೇಲಿನ ಪದರ ಮುಂದಕ್ಕೆ ಸರಿದು ನೆರಿಗೆ ಬೀಳುತ್ತದೆ.

ವಾಕಿಂಗ್ ಫೂಟ್: ಸಾಮಾನ್ಯ ಯಂತ್ರದ ಹಲ್ಲುಗಳು ಕೆಳಗಿನ ಬಟ್ಟೆಯನ್ನು ಮಾತ್ರ ಎಳೆಯುತ್ತವೆ. ಈ ಬಿಡಿಭಾಗವು ಮೇಲಿನ ಬಟ್ಟೆಯನ್ನೂ ಜೊತೆಗೇ ಸಾಗಿಸುವುದರಿಂದ ಪದರಗಳು ಸರಿಯುವುದಿಲ್ಲ. ಆಯ್ಕೆ ಮಾಡಿದ ಯಂತ್ರಕ್ಕೆ ಇದು ದೊರೆಯುವುದೇ ಎಂದು ಮೊದಲೇ ವಿಚಾರಿಸಿರಿ.

ಸೂಜಿ: ಹೆಚ್ಚು ಪದರಗಳಿಗೆ 16 ಅಥವಾ 18ನೇ ಸಂಖ್ಯೆಯ ಸೂಜಿ ಬೇಕಾಗುತ್ತದೆ. ಒಂದು ಪಕ್ಕ ಚಪ್ಪಟೆಯಾದ ತಲೆಯ ಸೂಜಿಯ ಯಂತ್ರಕ್ಕೆ ಕೈಗಾರಿಕಾ ಯಂತ್ರದ ಗುಂಡುತಲೆಯ ಸೂಜಿ ಹೊಂದುವುದಿಲ್ಲ. ತಮ್ಮ ಊರಿನ ಪೇಟೆಯಲ್ಲಿ ಸಿಗುವ ಸೂಜಿ, ಬಾಬಿನ್‌ಗಳ ಯಂತ್ರವನ್ನೇ ಆರಿಸುವುದು ಲೇಸು.

4. ಖರೀದಿಗೆ ಮುನ್ನ ಪರೀಕ್ಷೆ

ಅಂಗಡಿಯವರು ಕೊಡುವ ಹೊಸ ತೆಳುಬಟ್ಟೆಯ ಮೇಲೆ ಎಲ್ಲ ಯಂತ್ರಗಳೂ ಚೆನ್ನಾಗಿಯೇ ಹೊಲಿಯುತ್ತವೆ. ಅರ್ಜಿದಾರರು ತಾವು ಬಳಸುವ ಹಳೆಯ ಬಟ್ಟೆಗಳನ್ನೇ 4, 6 ಹಾಗೂ 8 ಪದರಗಳಾಗಿ ಮಡಿಸಿಕೊಂಡು ಹೋಗತಕ್ಕದ್ದು. ನಾಲ್ಕು ತುಂಡುಗಳ ಜೋಡಣೆ ಒಂದೆಡೆ ಸೇರುವ ಒಂದು ಮಾದರಿಯೂ ಇರಲಿ. ಯಂತ್ರವು ಸೋಲುವುದು ಸಾಮಾನ್ಯವಾಗಿ ಅಲ್ಲಿಯೇ. ಹೊಲಿದ ನಂತರ ಕೆಳಗಿನಂತೆ ಪರಿಶೀಲಿಸಿರಿ:

- ಹೊಲಿಗೆ ತಪ್ಪಿದೆಯೇ? ದಾರ ಕಡಿಯಿತೇ?
- ಕೆಳಭಾಗದಲ್ಲಿ ದಾರ ಕುಣಿಕೆ ಕುಣಿಕೆಯಾಗಿ ನಿಂತಿದೆಯೇ?
- ಮೇಲಿನ ಹಾಗೂ ಕೆಳಗಿನ ಪದರಗಳ ತುದಿಗಳು ಸಮನಾಗಿವೆಯೇ?
- ಹೊಲಿಗೆಯ ಉದ್ದವನ್ನು 3 ರಿಂದ 4 ಮಿ.ಮೀ.ಗೆ ಇಟ್ಟಾಗ ಸಾಲು ಒಂದೇ ಸಮನಾಗಿ ಬರುತ್ತದೆಯೇ?

ದೋಷ ಕಂಡಲ್ಲಿ ಸೂಜಿ ಬದಲಿಸಿ, ದಾರದ ಬಿಗಿತವನ್ನು ಸರಿಪಡಿಸಿ ಮತ್ತೊಮ್ಮೆ ಹೊಲಿಯಿರಿ. ಆಗಲೂ ಸರಿಯಾಗದಿದ್ದಲ್ಲಿ ಆ ಯಂತ್ರವು ಕೌದಿಗೆ ಯೋಗ್ಯವಲ್ಲವೆಂದು ತಿಳಿಯತಕ್ಕದ್ದು.

5. ಆರ್ಥಿಕ ನೆರವು

ಕೇಂದ್ರ ಸರ್ಕಾರವು 17 ಸೆಪ್ಟೆಂಬರ್ 2023ರಂದು ಆರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ವೃತ್ತಿಗಳಲ್ಲಿ ದರ್ಜಿ ವೃತ್ತಿಯೂ ಸೇರಿದೆ. ಇದರಡಿ ಮೂಲ ತರಬೇತಿ, ತರಬೇತಿ ಅವಧಿಯಲ್ಲಿ ದಿನಕ್ಕೆ ರೂ. 500 ಶಿಷ್ಯವೇತನ, ಇ-ವೋಚರ್ ಮೂಲಕ ಗರಿಷ್ಠ ರೂ. 15,000 ಉಪಕರಣ ಪ್ರೋತ್ಸಾಹಧನ ಹಾಗೂ ಶೇ. 5ರ ಬಡ್ಡಿಯಲ್ಲಿ ಮೊದಲ ಕಂತಾಗಿ ರೂ. 1 ಲಕ್ಷದವರೆಗೆ ಆಧಾರರಹಿತ ಸಾಲಕ್ಕೆ ಅವಕಾಶ ಕಲ್ಪಿಸಲಾಗಿದೆ. ಕುಟುಂಬದ ಒಬ್ಬ ಸದಸ್ಯರು ಮಾತ್ರ ಅರ್ಹರು. 18 ವರ್ಷ ತುಂಬಿರಬೇಕು. ಅರ್ಜಿ ಸ್ವೀಕಾರ ನಡೆಯುತ್ತಿದೆಯೇ ಎಂಬುದನ್ನು ಸಮೀಪದ ಸಾಮಾನ್ಯ ಸೇವಾ ಕೇಂದ್ರದಲ್ಲಿ ವಿಚಾರಿಸುವುದು.

6. ರಶೀದಿ ಮತ್ತು ದೂರು

ಸ್ವಂತ ಹಣದಿಂದಾಗಲಿ ಸಾಲದಿಂದಾಗಲಿ ಖರೀದಿಸುವವರು ಯಂತ್ರದ ಕ್ರಮಸಂಖ್ಯೆ ನಮೂದಿಸಿದ ಜಿ.ಎಸ್.ಟಿ. ರಶೀದಿಯನ್ನೂ ಮೊಹರು ಹಾಕಿದ ಖಾತರಿ ಪತ್ರವನ್ನೂ ಪಡೆದು ಜೋಪಾನವಾಗಿಡಬೇಕು. ದೋಷಪೂರಿತ ಯಂತ್ರದ ಬಗ್ಗೆ ಮಾರಾಟಗಾರರು ಸ್ಪಂದಿಸದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅನ್ವಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷಗಳ ಒಳಗಾಗಿ ದೂರು ಸಲ್ಲಿಸಲು ಅವಕಾಶವಿದೆ.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆ

ಪ್ರಶ್ನೆ: ಯೋಜನೆಯಡಿ ನಿಗದಿತ ಮಾದರಿಯ ಸಾಧಾರಣ ಯಂತ್ರವೇ ದೊರೆತಲ್ಲಿ ಏನು ಮಾಡಬೇಕು?
ಉತ್ತರ: ತುಂಡುಗಳ ಜೋಡಣೆ ಹಾಗೂ ಅಂಚಿನ ಕೆಲಸಕ್ಕೆ ಅದನ್ನು ಬಳಸಿ, ಪದರಗಳನ್ನು ಕೈಯಿಂದ ಹೊಲಿಯಿರಿ. ಸಣ್ಣ ಮಕ್ಕಳ ಕೌದಿಯಂತಹ ಚಿಕ್ಕ ಅಳತೆಯವುಗಳನ್ನು ಕಡಿಮೆ ಪದರ ಹಾಕಿ ಪೂರ್ತಿಯಾಗಿ ಯಂತ್ರದಲ್ಲಿಯೇ ಹೊಲಿಯಬಹುದು. ಶಕ್ತಿಗೆ ಮೀರಿದ ದಪ್ಪವನ್ನು ಬಲವಂತವಾಗಿ ಹೊಲಿದಲ್ಲಿ ಸೂಜಿ ಮುರಿದು ಶಟಲ್ ಕೆಡುವ ಸಂಭವವಿರುತ್ತದೆ.