ಅರ್ಧರಾತ್ರಿಯಲ್ಲಿ ತಾನೇ ಎಚ್ಚರಗೊಳ್ಳುವ ಯಂತ್ರ

ಮನೆಮಂದಿಯೆಲ್ಲ ಉಂಡು ಮಲಗಿ ನಿದ್ದೆ ಹತ್ತಿರುವ ಹೊತ್ತು. ಸಂಜೆಯೇ ಆರಿಸಿ ಬಟ್ಟೆ ಹೊದಿಸಿಟ್ಟಿದ್ದ ಕಂಪ್ಯೂಟರಿನ ಫ್ಯಾನು ನಡುಮನೆಯ ಮೂಲೆಯಲ್ಲಿ ಗುಂಯ್ ಎಂದು ತಿರುಗತೊಡಗುತ್ತದೆ. ಪರದೆಯ ಬೆಳಕು ಗೋಡೆಯ ಮೇಲೆ ಬೀಳುತ್ತದೆ. ಮುಟ್ಟಿದವರು ಯಾರೂ ಇಲ್ಲ. ಮರುದಿನ ಬೆಳಗಿನ ಕಾಫಿಯ ವೇಳೆಗೆ ಮನೆಯಲ್ಲಿ ಮೂರು ವಾದಗಳು ಹುಟ್ಟಿರುತ್ತವೆ. ಅಜ್ಜಿಗೆ ಇದು ಗಾಳಿಯ ಚೇಷ್ಟೆ. ಮಗನಿಗೆ ವೈರಸ್ಸಿನ ಮೇಲೆ ಅನುಮಾನ. ಯಾರೋ ಎಲ್ಲಿಯೋ ಕುಳಿತು ಬ್ಯಾಂಕಿನ ಲೆಕ್ಕಕ್ಕೆ ಕನ್ನ ಹಾಕುತ್ತಿರುವರೆಂದು ತಂದೆಯ ಶಂಕೆ. ರಿಪೇರಿಯವನನ್ನು ಕರೆಸಿದರೆ ನಾಲ್ಕನೆಯ ವಾದವೂ ಸೇರಿಕೊಳ್ಳುತ್ತದೆ: "ಮದರ್‌ಬೋರ್ಡು ಹೋಗಿದೆ, ಬದಲಾಯಿಸಬೇಕು."

ಈ ನಾಲ್ಕೂ ವಾದಗಳು ಬಹುಮಟ್ಟಿಗೆ ತಪ್ಪು. ಯಂತ್ರಕ್ಕೆ ಸ್ವಂತ ಇಚ್ಛೆಯೆಂಬುದಿಲ್ಲ. ಅದು ಎದ್ದಿತೆಂದರೆ ಎಲ್ಲಿಂದಲೋ ಅದಕ್ಕೆ ಅಪ್ಪಣೆ ಬಂದಿದೆಯೆಂದೇ ಅರ್ಥ. ಅಂಥ ಅಪ್ಪಣೆ ಬರಬಲ್ಲ ಬಾಗಿಲುಗಳು ಹೆಚ್ಚೆಂದರೆ ಐದಾರು. ಅವುಗಳನ್ನು ಒಂದೊಂದಾಗಿ ಮುಚ್ಚುತ್ತ ಹೋದರೆ, ಪೆಟ್ಟಿಗೆಯನ್ನು ಬಿಚ್ಚುವ ಮೊದಲೇ ಕಾರಣ ಸಿಕ್ಕಿಬಿಡುವುದುಂಟು.

ಆರಿಸಿದರೂ ಆರದ ಯಂತ್ರ

ಮೊದಲು ತಿಳಿಯಬೇಕಾದ ಸಂಗತಿಯೊಂದಿದೆ. 1984ರಲ್ಲಿ ಐ.ಬಿ.ಎಂ. ಸಂಸ್ಥೆ ಹೊರತಂದ ಎ.ಟಿ. ಮಾದರಿಯ ಕಂಪ್ಯೂಟರಿನ ಸ್ವಿಚ್ಚು ಗೋಡೆಯ ದೀಪದ ಸ್ವಿಚ್ಚಿನ ಜಾತಿಯದೇ ಆಗಿತ್ತು. ಖಟ್ಟೆಂದು ಒತ್ತಿದರೆ ವಿದ್ಯುತ್ತು ಕಡಿದುಹೋಗುತ್ತಿತ್ತು. ಯಂತ್ರ ನಿಜವಾಗಿಯೂ ಆರುತ್ತಿತ್ತು. 1995ರಲ್ಲಿ ಇಂಟೆಲ್ ಸಂಸ್ಥೆ ಎ.ಟಿ.ಎಕ್ಸ್. ಎಂಬ ಹೊಸ ಮಾದರಿಯನ್ನು ರೂಪಿಸಿತು. ಅಂದಿನಿಂದ ಮುಂಭಾಗದ ಗುಂಡಿ ವಿದ್ಯುತ್ತನ್ನು ಕಡಿಯುವ ಸ್ವಿಚ್ಚಾಗಿ ಉಳಿಯಲಿಲ್ಲ. ಕೇವಲ ಮನವಿಯನ್ನು ಒಪ್ಪಿಸುವ ಗುಂಡಿಯಾಯಿತು. ಒತ್ತಿದಾಗ ಎರಡು ಸಣ್ಣ ತಂತಿಗಳು ಕ್ಷಣಕಾಲ ಒಂದನ್ನೊಂದು ಕೂಡುತ್ತವೆ, ಅಷ್ಟೇ. ಏಳಬೇಕೋ ಮಲಗಬೇಕೋ ಎಂಬುದನ್ನು ತೀರ್ಮಾನಿಸುವುದು ಮದರ್‌ಬೋರ್ಡಿನ ಕೆಲಸ.

ಆ ಮನವಿಯನ್ನು ಕೇಳಿಸಿಕೊಳ್ಳಲು ಮದರ್‌ಬೋರ್ಡು ಸದಾ ಎಚ್ಚರವಾಗಿರಬೇಕಲ್ಲವೆ? ಅದಕ್ಕಾಗಿಯೇ, ಗೋಡೆಯ ಸ್ವಿಚ್ಚು ಹಾಕಿರುವವರೆಗೂ ಒಳಗಿನ ಎಸ್.ಎಂ.ಪಿ.ಎಸ್. ಪೆಟ್ಟಿಗೆಯಿಂದ 5 ವೋಲ್ಟಿನ ಸಣ್ಣ ಧಾರೆಯೊಂದು ನೇರಳೆ ಬಣ್ಣದ ತಂತಿಯ ಮೂಲಕ ಎಡೆಬಿಡದೆ ಹರಿಯುತ್ತಿರುತ್ತದೆ. ಏಳುವ ಅಪ್ಪಣೆ ಬಂದೊಡನೆ ಮದರ್‌ಬೋರ್ಡು ಹಸಿರು ತಂತಿಯ ಮೂಲಕ ಸಂಜ್ಞೆ ಕೊಡುತ್ತದೆ. ಆಗ ಪೂರ್ಣ ವಿದ್ಯುತ್ತು ಹರಿದು ಯಂತ್ರವೆಲ್ಲ ಎಚ್ಚರಗೊಳ್ಳುತ್ತದೆ. ಹೀಗೆ ಆರಿದಂತೆ ತೋರುವ ಉಪಕರಣಗಳು ಸದ್ದಿಲ್ಲದೆ ಕುಡಿಯುವ ವಿದ್ಯುತ್ತಿಗೆ ಯೂರೋಪಿನ ಒಕ್ಕೂಟ 2010ರಲ್ಲಿ 1 ವಾಟಿನ ಮಿತಿಯನ್ನೂ, 2013ರಲ್ಲಿ ಅರ್ಧ ವಾಟಿನ ಮಿತಿಯನ್ನೂ ವಿಧಿಸಬೇಕಾಯಿತು. ಆದ್ದರಿಂದ ಮನೆಯ ಕಂಪ್ಯೂಟರು ಆರಿದ ದೀಪದಂತಲ್ಲ; ಒಂದು ಕಣ್ಣು ತೆರೆದು ಮಲಗಿರುವ ಕಾವಲುಗಾರನಂತೆ. ಅವನನ್ನು ಎಬ್ಬಿಸಿದವರಾರು ಎಂಬುದೇ ಪ್ರಶ್ನೆ.

ಪಂಪ್‌ಸೆಟ್ಟಿನ ಪಾಠ

ಈ ಪ್ರಶ್ನೆಗೆ ಬಹು ಸಾಮಾನ್ಯವಾದ ಉತ್ತರವನ್ನು ಪಟ್ಟಣದ ಎಂಜಿನಿಯರಿಗಿಂತ ಬೇಗ ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯ ರೈತ ಹೇಳಿಬಿಡಬಲ್ಲ. ಶಿರಾ, ಪಾವಗಡ, ಮಧುಗಿರಿ, ಕೊರಟಗೆರೆಗಳ ಈ ಬಯಲುಸೀಮೆಯಲ್ಲಿ ಮಳೆ ಕಡಮೆ. ನೀರಾವರಿಗೆ ಕೊಳವೆಬಾವಿಯೇ ಆಸರೆ. ಪಾವಗಡದ ತಿರುಮಣಿಯ ಸುತ್ತ 2018ರಲ್ಲಿ ಉದ್ಘಾಟನೆಯಾದ ಸೌರ ಪಾರ್ಕಿನ ಸಾಮರ್ಥ್ಯ 2050 ಮೆಗಾವಾಟಾದರೂ ಅಲ್ಲಿಯ ವಿದ್ಯುತ್ತು ಸೇರುವುದು ದೊಡ್ಡ ಜಾಲವನ್ನು. ಹೊಲದ ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟು ಬರುವುದು ಸರದಿಯ ಮೇಲೆಯೇ. ಆ ಸರದಿ ನಡುರಾತ್ರಿಗೆ ಬಿದ್ದರೆ ಹಾವು ಚೇಳುಗಳ ಹಾದಿಯಲ್ಲಿ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗುವವರಾರು? ಆದಕಾರಣ ರೈತರು ಪಂಪಿಗೆ ಆಟೋ ಸ್ಟಾರ್ಟರ್ ಜೋಡಿಸಿಕೊಂಡರು. ಕರೆಂಟು ಬಂದ ಕೂಡಲೆ ಪಂಪು ತಾನಾಗಿಯೇ ಓಡತೊಡಗುತ್ತದೆ. ಕತ್ತಲಲ್ಲಿ ಮೋಟಾರು ಗುಡುಗಿದರೆ ಊರಿನಲ್ಲಿ ಯಾರೂ ದೆವ್ವವೆನ್ನುವುದಿಲ್ಲ. "ತ್ರೀ ಫೇಸ್ ಬಂತು" ಎಂದು ಮಗ್ಗುಲು ಬದಲಾಯಿಸುತ್ತಾರೆ.

ಕಂಪ್ಯೂಟರಿನಲ್ಲಿಯೂ ಇಂಥದೇ ಆಟೋ ಸ್ಟಾರ್ಟರೊಂದಿದೆ. ಅದು ಉಪಕರಣವಲ್ಲ, ಬಯೋಸ್ ಎಂಬ ಮೂಲ ವ್ಯವಸ್ಥೆಯಲ್ಲಿ ಬರೆದಿಟ್ಟಿರುವ ಒಂದು ನಿಯಮ. ಹೋದ ಕರೆಂಟು ಮರಳಿ ಬಂದಾಗ ಯಂತ್ರವೇನು ಮಾಡಬೇಕೆಂಬುದಕ್ಕೆ ಅಲ್ಲಿ ಮೂರು ಆಯ್ಕೆಗಳಿರುತ್ತವೆ: ಆರಿಯೇ ಇರುವುದು, ಎದ್ದುಬಿಡುವುದು, ಅಥವಾ ಕರೆಂಟು ಹೋಗುವಾಗ ಇದ್ದ ಸ್ಥಿತಿಗೇ ಮರಳುವುದು. ಕಾವಲಿಗೆ ಯಾರೂ ಇಲ್ಲದ ಕಚೇರಿಗಳಲ್ಲಿ ಹಗಲಿರುಳು ದುಡಿಯುವ ಯಂತ್ರಗಳಿಗೆ ಎರಡನೆಯ ಆಯ್ಕೆ ವರದಾನವೇ ಸರಿ. ಮನೆಯ ಕಂಪ್ಯೂಟರಿನಲ್ಲಿ ಅದೇ ಆಯ್ಕೆ ಕುಳಿತಿದ್ದರೆ, ರಾತ್ರಿ ಎರಡು ಗಂಟೆಗೆ ಹೋಗಿ ಬರುವ ಕರೆಂಟಿನೊಡನೆ ಯಂತ್ರವೂ ಎದ್ದು ಕೂರುತ್ತದೆ.

ಇದನ್ನು ಪರೀಕ್ಷಿಸುವುದು ಸುಲಭ. ಕಂಪ್ಯೂಟರನ್ನು ಕ್ರಮವಾಗಿ ಆರಿಸಿ, ಗೋಡೆಯ ಸ್ವಿಚ್ಚನ್ನು ತೆಗೆದು, ಒಂದು ನಿಮಿಷ ಕಾದು ಮತ್ತೆ ಹಾಕಬೇಕು. ಗುಂಡಿ ಮುಟ್ಟದೆಯೇ ಯಂತ್ರ ಎದ್ದರೆ ಕಳ್ಳ ಸಿಕ್ಕಿದಂತೆ. ಯಂತ್ರ ಹೊತ್ತಿಕೊಳ್ಳುತ್ತಿರುವಾಗಲೇ ಡಿಲೀಟ್ ಅಥವಾ ಎಫ್-2 ಕೀಲಿಯನ್ನು ಒತ್ತಿದರೆ ಬಹುಪಾಲು ಯಂತ್ರಗಳಲ್ಲಿ ಬಯೋಸ್ ತೆರೆದುಕೊಳ್ಳುತ್ತದೆ. ಅಲ್ಲಿ 'ರಿಸ್ಟೋರ್ ಆನ್ ಎ.ಸಿ. ಪವರ್ ಲಾಸ್', 'ಎ.ಸಿ. ಬ್ಯಾಕ್', 'ಆಫ್ಟರ್ ಪವರ್ ಫೇಲ್ಯೂರ್' ಎಂಬಂಥ ಹೆಸರಿನ ಸಾಲನ್ನು ಹುಡುಕಿ, ಆರಿಯೇ ಇರುವ ಆಯ್ಕೆಯನ್ನು ಗೊತ್ತುಮಾಡಿ ಉಳಿಸಿದರಾಯಿತು. ನಯಾಪೈಸೆಯ ಖರ್ಚಿಲ್ಲ.

ಆಟೋ ಸ್ಟಾರ್ಟರಿನ ಕಥೆಗೆ ಇನ್ನೊಂದು ಮುಖವುಂಟು. ತೆಲಂಗಾಣದಲ್ಲಿ 2018ರ ಜನವರಿ 1ರಿಂದ ಬೇಸಾಯಕ್ಕೆ 24 ಗಂಟೆಯೂ ವಿದ್ಯುತ್ತು ಕೊಡಲು ತೊಡಗಿದಾಗ, ಆಟೋ ಸ್ಟಾರ್ಟರುಗಳನ್ನು ತೆಗೆದುಹಾಕಿರೆಂದು ಸರ್ಕಾರವೇ ರೈತರನ್ನು ಕೇಳಿಕೊಂಡಿತು. ಇಲ್ಲವಾದರೆ ಪಂಪುಗಳು ಹಗಲಿರುಳು ಓಡಿ ಅಂತರ್ಜಲ ಬರಿದಾಗುವ ಭಯ. ಒಂದು ಸನ್ನಿವೇಶಕ್ಕೆ ಸೊಗಸಾಗಿ ಒಪ್ಪುವ ಅಪ್ಪಣೆ ಇನ್ನೊಂದಕ್ಕೆ ಒಪ್ಪದು. ಕಂಪ್ಯೂಟರಿನ ಮಾತೂ ಅದೇ.

ಮರೆವಿನ ಶೆಲ್ಲು

"ಹೋದ ವರ್ಷವೇ ಇದನ್ನೆಲ್ಲ ಸರಿಪಡಿಸಿದ್ದೆವು, ಮತ್ತೆ ಹೇಗೆ ಶುರುವಾಯಿತು?" ಎಂದು ಕೇಳುವವರಿದ್ದಾರೆ. ಅದಕ್ಕೆ ಕಾರಣ ಮದರ್‌ಬೋರ್ಡಿನ ಮೇಲೆ ಕುಳಿತಿರುವ, ರೂಪಾಯಿ ನಾಣ್ಯದಂಥ 3 ವೋಲ್ಟಿನ ಶೆಲ್ಲು. ಅಂಗಡಿಯಲ್ಲಿ ಸಿ.ಆರ್. 2032 ಎಂದು ಕೇಳಿದರೆ ಕೊಡುತ್ತಾರೆ. ಯಂತ್ರದ ಗಡಿಯಾರ ನಡೆಯುವುದು ಅದರ ಬಲದಿಂದ. ಹಲವು ಯಂತ್ರಗಳಲ್ಲಿ ಬಯೋಸಿನ ಆಯ್ಕೆಗಳು ನೆನಪಿನಲ್ಲುಳಿಯುವುದೂ ಅದರಿಂದಲೇ. ಗೋಡೆಯ ಸ್ವಿಚ್ಚನ್ನು ದಿನವೂ ತೆಗೆಯುವ ಮನೆಗಳಲ್ಲಿ ಈ ಶೆಲ್ಲಿಗೆ ದುಡಿಮೆ ಹೆಚ್ಚು. ಅದು ಸೋತಾಗ ಯಂತ್ರ ತಾರೀಖನ್ನು ಮರೆಯುತ್ತದೆ. ಜೊತೆಗೆ ಮನೆಯವರು ಮಾಡಿದ ಬದಲಾವಣೆಯನ್ನೂ ಮರೆತು ಕಾರ್ಖಾನೆಯಲ್ಲಿ ಬರೆದ ನಿಯಮಕ್ಕೇ ಮರಳುತ್ತದೆ. ಪರದೆಯ ಮೇಲಿನ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ ಮೊದಲು ಶೆಲ್ಲನ್ನು ಬದಲಾಯಿಸಬೇಕು.

ಗಡಿಯಾರದ ಅಪ್ಪಣೆ

ಕರೆಂಟು ಹೋಗದೆಯೂ, ದಿನವೂ ಒಂದೇ ಗಂಟೆಗೆ ಯಂತ್ರ ಏಳುವುದಾದರೆ ಅಪ್ಪಣೆ ಬಂದಿರುವುದು ಗಡಿಯಾರದಿಂದ. ಬಯೋಸಿನಲ್ಲಿ ಅಲಾರಂ ಇಡುವ ಸೌಕರ್ಯವಿರುತ್ತದೆ; 'ಆರ್.ಟಿ.ಸಿ. ಅಲಾರಂ' ಎಂಬ ಸಾಲಿನಲ್ಲಿ ಅದನ್ನು ತೆಗೆದುಹಾಕಬಹುದು.

ಇನ್ನೊಂದು ಗಡಿಯಾರ ವಿಂಡೋಸಿನ ಒಳಗಿದೆ. ಇಲ್ಲಿ 'ಸ್ಲೀಪ್' ಮತ್ತು 'ಶಟ್ ಡೌನ್' ಎಂಬ ಎರಡರ ಭೇದವನ್ನು ಅರಿಯಬೇಕು. ಮೊದಲನೆಯದು ತೂಕಡಿಕೆ, ಎರಡನೆಯದು ನಿದ್ದೆ. ತೂಕಡಿಸುತ್ತಿರುವ ಯಂತ್ರವನ್ನು ಹೊಸ ತಿದ್ದುಪಡಿಗಳನ್ನು ಸೇರಿಸಿಕೊಳ್ಳುವ ಸಲುವಾಗಿ ವಿಂಡೋಸ್ ನಡುರಾತ್ರಿ ಎಬ್ಬಿಸುವುದುಂಟು. ಪವರ್ ಆಪ್ಷನ್ಸ್ ವಿಭಾಗದಲ್ಲಿ 'ಅಲೋ ವೇಕ್ ಟೈಮರ್ಸ್' ಎಂಬುದನ್ನು ನಿಷೇಧಿಸಿದರೆ ಈ ಕಾಟ ತಗ್ಗುತ್ತದೆ. ಸಾಲದ್ದಕ್ಕೆ, 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ, ಬೇಗ ಏಳಲೆಂದು ಶಟ್ ಡೌನನ್ನೂ ಅರೆನಿದ್ದೆಯಾಗಿಸಿದ 'ಫಾಸ್ಟ್ ಸ್ಟಾರ್ಟಪ್' ಎಂಬ ಏರ್ಪಾಡು ಸೇರಿದೆ. ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ಶಟ್ ಡೌನ್ ಮಾಡಿದರೆ ಪೂರ್ಣ ನಿದ್ದೆ ದೊರೆಯುತ್ತದೆ. ಹಾಗೆ ಮಾಡಿದ ರಾತ್ರಿ ಯಂತ್ರ ಏಳದಿದ್ದರೆ ದೋಷವಿರುವುದು ತಂತಿಯಲ್ಲಲ್ಲ, ಅಪ್ಪಣೆಯಲ್ಲಿ ಎಂದು ತಿಳಿಯಬೇಕು.

ತೂಕಡಿಕೆಯಿಂದ ಎಬ್ಬಿಸಿದವರಾರೆಂದು ಯಂತ್ರವನ್ನೇ ಕೇಳಲೂ ಬರುತ್ತದೆ. ವಿಂಡೋಸಿನ ಇವೆಂಟ್ ವ್ಯೂವರಿನಲ್ಲಿ ಯಂತ್ರದ ದಿನಚರಿಯೆಲ್ಲ ದಾಖಲಾಗಿರುತ್ತದೆ. ಎದ್ದ ಗಂಟೆಯ ಎದುರಿಗೆ 'ಪವರ್ ಟ್ರಬಲ್‌ಶೂಟರ್' ಎಂಬ ಹೆಸರಿನ ನಮೂದಿದ್ದರೆ, ಎಬ್ಬಿಸಿದ್ದು ಗಡಿಯಾರವೋ ಇಲಿಯೋ ಎಂಬುದು ಬಹುಶಃ ಅಲ್ಲಿ ಕಾಣುತ್ತದೆ.

ತಂತಿಯ ಕರೆ, ಇಲಿಯ ಕದಲಿಕೆ

ಇಲಿಯೆಂದರೆ ಮೇಜಿನ ಮೇಲಿನ ಮೌಸು. ತೂಕಡಿಸುವ ಯಂತ್ರವನ್ನು ಮೌಸಿನ ಸಣ್ಣ ಕದಲಿಕೆಯೂ ಎಬ್ಬಿಸಬಲ್ಲದು. ಅಲುಗಾಡುವ ಮೇಜೋ, ಮೇಲೆ ನೆಗೆದ ಬೆಕ್ಕೋ ಸಾಕು. ಡಿವೈಸ್ ಮ್ಯಾನೇಜರಿನಲ್ಲಿ ಮೌಸು ಮತ್ತು ಕೀಬೋರ್ಡುಗಳ ಎಬ್ಬಿಸುವ ಹಕ್ಕನ್ನು ಹಿಂತೆಗೆದುಕೊಳ್ಳಬಹುದು.

ಇಂಟರ್‌ನೆಟ್ಟಿನ ತಂತಿಯ ಮೂಲಕವೂ ಕರೆ ಬರಬಹುದು. ದೊಡ್ಡ ಕಚೇರಿಗಳ ನೂರಾರು ಯಂತ್ರಗಳನ್ನು ದೂರದಿಂದಲೇ ಎಬ್ಬಿಸಿ ದುರಸ್ತಿ ಮಾಡಲೆಂದು 'ವೇಕ್ ಆನ್ ಲ್ಯಾನ್' ಎಂಬ ಏರ್ಪಾಡನ್ನು 1997ರಲ್ಲಿ ಇಂಟೆಲ್ ಮತ್ತು ಐ.ಬಿ.ಎಂ. ಸಂಸ್ಥೆಗಳು ಮುಂದಿಟ್ಟವು. ಮಲಗಿರುವ ಯಂತ್ರದ ವಿಳಾಸವನ್ನು ಜಪದಂತೆ 16 ಸಾರಿ ಹೇಳುವ ಪುಟ್ಟ ಸಂದೇಶವೊಂದು ತಂತಿಯಲ್ಲಿ ಬಂದರೆ ಯಂತ್ರ ಓಗೊಟ್ಟು ಏಳುತ್ತದೆ. ಮನೆಗೆ ಇದರ ಅಗತ್ಯ ಕಡಮೆ. ಒಂದು ರಾತ್ರಿ ಆ ತಂತಿಯನ್ನು ಕಿತ್ತಿಟ್ಟು ನೋಡಬೇಕು. ಯಂತ್ರ ಸುಮ್ಮನಿದ್ದರೆ ಬಯೋಸಿನಲ್ಲಿ ಈ ಏರ್ಪಾಡನ್ನು ರದ್ದುಮಾಡಬೇಕು. ತಂದೆಯ ಕಳ್ಳಗಂಟಿನ ಶಂಕೆ ಬಹುಮಟ್ಟಿಗೆ ಇಲ್ಲಿಗೆ ತೀರುತ್ತದೆ.

ಗುಂಡಿಯಲ್ಲಿಯೇ ಗುಟ್ಟು

ಗಂಟೆಗೂ ಸಂಬಂಧವಿಲ್ಲದೆ, ಕರೆಂಟಿಗೂ ಸಂಬಂಧವಿಲ್ಲದೆ, ಮನ ಬಂದಂತೆ ಹೊತ್ತಿ ಆರುವ ಯಂತ್ರದ ಮಾತು ಬೇರೆ. ಅಲ್ಲಿ ಮುಂಭಾಗದ ಗುಂಡಿಯನ್ನೇ ಮೊದಲು ಶಂಕಿಸಬೇಕು. ಧೂಳು, ತೇವ, ಸವೆದ ಸ್ಪ್ರಿಂಗು ಇವುಗಳಿಂದ ಗುಂಡಿ ಒತ್ತಿದಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಒಳಗಿನ ಎರಡು ತಂತಿಗಳು ಕೂಡಿದರೆ, ಒತ್ತಿದ್ದು ಬೆರಳೋ ಧೂಳೋ ಎಂದು ಮದರ್‌ಬೋರ್ಡು ವಿಚಾರಿಸುವುದಿಲ್ಲ. ಎದ್ದ ನಾಲ್ಕಾರು ಸೆಕೆಂಡಿನಲ್ಲಿ ತಾನೇ ಆರಿಹೋಗುವುದು ಇದರ ಲಕ್ಷಣ. ಏಕೆಂದರೆ ಗುಂಡಿಯನ್ನು ಅಷ್ಟು ಹೊತ್ತು ಒತ್ತಿಹಿಡಿದರೆ ಯಂತ್ರ ಬಲವಂತವಾಗಿ ಆರಬೇಕೆಂಬುದೇ ನಿಯಮ.

ಗೋಡೆಯಿಂದ ಪ್ಲಗ್ಗನ್ನು ಕಿತ್ತು, ಪಕ್ಕದ ಬಾಗಿಲನ್ನು ತೆಗೆದು, ಗುಂಡಿಯಿಂದ ಮದರ್‌ಬೋರ್ಡಿಗೆ ಹೋಗುವ ಆ ಎರಡು ತಂತಿಗಳ ಕೊಂಡಿಯನ್ನು ಮೆಲ್ಲನೆ ಬಿಡಿಸಿಡಬೇಕು. ಬಳಿಕ ಬಾಗಿಲು ಮುಚ್ಚಿ, ಪ್ಲಗ್ಗು ಹಾಕಿ ಒಂದು ರಾತ್ರಿ ಬಿಡಬೇಕು. ಯಂತ್ರ ಏಳದಿದ್ದರೆ ಕಾರಣ ಆ ಅಗ್ಗದ ಗುಂಡಿಯೇ. ಮದರ್‌ಬೋರ್ಡಿಗೆ ಹಣ ತೆರಬೇಕಾಗಿಲ್ಲ.

ಬಿಚ್ಚಬಾರದ ಪೆಟ್ಟಿಗೆ

ಈ ಎಲ್ಲ ಬಾಗಿಲುಗಳನ್ನೂ ಮುಚ್ಚಿದ ಮೇಲೂ ಯಂತ್ರ ಏಳುವುದಾದರೆ ಆಗ ಮಾತ್ರ ಎಸ್.ಎಂ.ಪಿ.ಎಸ್. ಅಥವಾ ಮದರ್‌ಬೋರ್ಡಿನ ಮೇಲೆ ಅನುಮಾನ ತಿರುಗಬೇಕು. ಮದರ್‌ಬೋರ್ಡಿನ ಮೇಲೆ ಪುಟ್ಟ ಡಬ್ಬಿಗಳಂತೆ ನಿಂತಿರುವ ಕೆಪಾಸಿಟರುಗಳ ತಲೆ ಉಬ್ಬಿದ್ದರೆ ಅಥವಾ ಕಂದು ಬಣ್ಣದ ದ್ರವ ಒಸರಿದ್ದರೆ ಅದು ಮುಪ್ಪಿನ ಗುರುತು. ಎಸ್.ಎಂ.ಪಿ.ಎಸ್. ಪೆಟ್ಟಿಗೆಯನ್ನಂತೂ ಮನೆಯವರು ಬಿಚ್ಚಲೇಬಾರದು. ಗೋಡೆಯ 230 ವೋಲ್ಟು ಅದರೊಳಗೆ 300ಕ್ಕೂ ಮಿಕ್ಕ ವೋಲ್ಟಿನ ಏಕಮುಖ ವಿದ್ಯುತ್ತಾಗಿ ಶೇಖರವಾಗಿರುತ್ತದೆ. ಪ್ಲಗ್ಗು ಕಿತ್ತ ಮೇಲೂ ಕೆಲ ಹೊತ್ತು ಉಳಿದಿರಬಹುದು. ಇಲ್ಲಿ ಬಲ್ಲ ರಿಪೇರಿಯವನೇ ಬೇಕು. ಆದರೆ ಇಷ್ಟು ಪರೀಕ್ಷಿಸಿ, ಯಾವ ರಾತ್ರಿ ಏನು ಮಾಡಿದೆವು, ಏನಾಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋದವರಿಗೆ ಅವನು ಕೊಡುವ ಉತ್ತರವೂ ಬೇರೆಯಾಗಿರುತ್ತದೆ. ಒಂದು ರಾತ್ರಿಗೆ ಒಂದೇ ಬದಲಾವಣೆ ಎಂಬುದೇ ಈ ವಿದ್ಯೆಯ ಮೂಲಮಂತ್ರ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಗುಣವಾದರೂ ಯಾವುದರಿಂದ ಗುಣವಾಯಿತೆಂದು ತಿಳಿಯದು.

ಕಳೆದುಹೋಗಬಾರದ್ದು

ರಾತ್ರಿ ಎದ್ದು ಕೂತರೆ ಕೂರಲಿ, ನಷ್ಟವೇನು ಎಂದು ಉದಾಸೀನ ಮಾಡುವವರುಂಟು. ನಷ್ಟ ಕರೆಂಟಿನ ಬಿಲ್ಲಿನದಲ್ಲ. ಕರೆಂಟು ಬಂದು ಹೋಗಿ ಬಂದು ಹೋಗುವ ರಾತ್ರಿಯಲ್ಲಿ ಯಂತ್ರವೂ ಪ್ರತಿ ಸಾರಿ ಎದ್ದು ಬೀಳುತ್ತದೆ. ಬರೆಯುತ್ತಿರುವಾಗಲೇ ವಿದ್ಯುತ್ತು ಕಡಿದರೆ ಡಿಸ್ಕಿನಲ್ಲಿ ಬರಹ ಅರ್ಧಕ್ಕೆ ನಿಲ್ಲುತ್ತದೆ. ಹೀಗೆ ನಾಲ್ಕಾರು ಸಲವಾದರೆ ಒಂದು ದಿನ ಯಂತ್ರ ತೆರೆದುಕೊಳ್ಳುವುದೇ ಇಲ್ಲ. ಮಗಳ ಮದುವೆಯ ಚಿತ್ರಗಳು, ಮಗನ ಪ್ರಾಜೆಕ್ಟು, ಮನೆಯ ಲೆಕ್ಕಪತ್ರ, ಈಗ ಇಲ್ಲದ ಹಿರಿಯರ ಧ್ವನಿಮುದ್ರಿಕೆ ಇವೆಲ್ಲ ಆ ಡಿಸ್ಕಿನಲ್ಲಿರುತ್ತವೆ. ಯಂತ್ರವನ್ನು ಮತ್ತೆ ಕೊಳ್ಳಬಹುದು, ಇವನ್ನು ಕೊಳ್ಳಲಾಗದು. ಆದ್ದರಿಂದ ಪರೀಕ್ಷೆಗೆ ತೊಡಗುವ ಮುನ್ನವೇ ಮುಖ್ಯವಾದುದನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿಡುವುದು ಜಾಣತನ.

ಕಾರಣ ಸಿಗುವವರೆಗೂ ರಾತ್ರಿ ಮಲಗುವ ಮುನ್ನ ಕಂಪ್ಯೂಟರನ್ನು ಕ್ರಮವಾಗಿ ಆರಿಸಿ ಗೋಡೆಯ ಸ್ವಿಚ್ಚನ್ನೂ ತೆಗೆಯಬೇಕು, ನಡುವೆ ಯು.ಪಿ.ಎಸ್. ಇದ್ದರೆ ಅದನ್ನೂ ಆರಿಸಬೇಕು. ಗುಡುಗು ಸಿಡಿಲಿನ ದಿನ ಪ್ಲಗ್ಗನ್ನೂ ಇಂಟರ್‌ನೆಟ್ಟಿನ ತಂತಿಯನ್ನೂ ಕಿತ್ತಿಡಬೇಕು. ವಿದ್ಯುತ್ತೇ ಇಲ್ಲದ ಕಡೆ ಯಾವ ಅಪ್ಪಣೆಯೂ ನಡೆಯದು. ಕಾರಣ ತಿಳಿದ ದಿನ ಮನೆಯ ಮಕ್ಕಳನ್ನು ಕೂರಿಸಿಕೊಂಡು ಅದನ್ನು ತೋರಿಸಿಕೊಡುವುದು ಒಳ್ಳೆಯದು. ಅಜ್ಜಿಯನ್ನೂ ಕರೆಯಬೇಕು, ಹೊಲದ ಪಂಪನ್ನು ಕಂಡವರಾದರೆ ಎಲ್ಲರಿಗಿಂತ ಮೊದಲು ಅವರಿಗೇ ಅರ್ಥವಾದೀತು.